ಬೀಗದಣ್ಣನ ಮಳೆಪಾಠ

ಬೀಗದಣ್ಣನಿಗೆ ಪೋರ್ಚುಗೀಸ್ ಭಾಷೆ ಬರುತ್ತದೆ ಎಂದು ಇಡೀ ಲೋಕದಲ್ಲಿ ಒಬ್ಬರೇ ಒಬ್ಬರು ನಂಬಿದ್ದರು. ಅವರು ಸಮುದ್ರದಾಚೆ ಇದ್ದರು. ಅಲ್ಲೇ ಇದ್ದುಬಿಟ್ಟಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಹೊರಟು ಬರುತ್ತೇನೆ ಎಂದದ್ದರಿಂದ ಇಷ್ಟೆಲ್ಲ ಆಯಿತು.

ಬೀಗದಣ್ಣ ಎಂದರೆ ತಾನು ವಾಸವಿದ್ದ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಬೀಗ ರಿಪೇರಿಯ ಅಂಗಡಿ ಇಟ್ಟವನು. ಒಬ್ಬ ಕೂತರೆ ಇನ್ನೊಬ್ಬ ಹೊರಗೆ ನಿಲ್ಲಬೇಕಾದ ಅಂಗಡಿ. ಗೋಡೆಯ ತುಂಬ ಇನ್ನೂ ಹಲ್ಲು ಕೊರೆಯದ ಕೀಲಿಗಳು, ಮುಂದೆ ಕೀಲಿ ಕೊರೆಯುವ ಯಂತ್ರ, ಕೈಗೆಟುಕುವಲ್ಲಿ ಕೀಲಿ ಉಜ್ಜುವ ಅರಗಳ ಡಬ್ಬ. ಎಂಥ ಬೀಗವನ್ನಾದರೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಸ್ಪ್ರಿಂಗ್ ಮುನಿಸಿಕೊಂಡಿದೆಯೋ ಧೂಳು ಕೂತಿದೆಯೋ ಹೇಳಿಬಿಡುತ್ತಿದ್ದ. ಕೆಲಸದಲ್ಲಿ ಅವನನ್ನು ಬೆರಳು ಮಾಡಿ ತೋರಿಸುವ ಹಾಗಿರಲಿಲ್ಲ. ದೋಷವೆಲ್ಲ ನಾಲಿಗೆಯದು. 'ಗೊತ್ತಿಲ್ಲ' ಎಂಬ ಮೂರಕ್ಷರ ಅದರ ಮೇಲೆ ಹುಟ್ಟುತ್ತಲೇ ಇರಲಿಲ್ಲ. ದಾರಿ ಕೇಳಿದವರಿಗೆ ತಾನು ಕಾಣದ ಬೀದಿಗೂ ಕೈ ಮಾಡಿ ಕಳಿಸುತ್ತಿದ್ದ. ಅವರು ಸುತ್ತಿ ಬಳಸಿ ಬೆವರಿಳಿಸುತ್ತ ಮತ್ತೆ ಅವನ ಅಂಗಡಿಯ ಮುಂದೆಯೇ ಬಂದು ನಿಂತರೆ, ಸರಿಯಾಗೇ ಬಂದಿದ್ದೀರಿ, ಇನ್ನೊಂದು ಸುತ್ತು ಹೋದರೆ ಸಿಗುತ್ತದೆ ಎನ್ನುತ್ತಿದ್ದ.

ಅವನ ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲೇ ಗಾಜು ಕೂರಿಸುವ ಹುಡುಗನೊಬ್ಬನನ್ನು ಮೆಚ್ಚಿಕೊಂಡಳು. ಹುಡುಗನ ಮನೆಮಾತು ಪೋರ್ಚುಗೀಸ್. ಕನ್ನಡವನ್ನು ಗಿರಾಕಿಗಳಿಂದಲೇ ಕಲಿತಿದ್ದ. ಒತ್ತಕ್ಷರ ಬಂದಲ್ಲಿ ಸ್ವಲ್ಪ ಎಡವಿದರೂ ಎದ್ದು ನಡೆಯುತ್ತಿದ್ದ. ಮನೆಯವರಿಗೆಲ್ಲ ಒಪ್ಪಿಗೆಯಾಯಿತು. ಹುಡುಗನಿಗೆ ತಾಯಿಯೊಬ್ಬಳೇ, ದೂರದ ದೇಶದಲ್ಲಿ ಇದ್ದಳು. ಆಕೆಯನ್ನು ಮಾತಾಡಿಸಲೆಂದು ಒಂದು ಸಂಜೆ ಎಲ್ಲರೂ ಫೋನಿನ ಮುಂದೆ ಕೂತರು.

ಫೋನಿನ ತೆರೆಯ ಮೇಲೆ ದುಂಡು ಮುಖದ ಹೆಂಗಸು ಕಾಣಿಸಿದಳು. ಭಾವಿ ಅಳಿಯ ಬೀಗದಣ್ಣನಿಗೆ ಅಂದೇ ಒಂದು ಪದ ಕಲಿಸಿದ್ದ. 'ಸಿಂ' ಎಂದರೆ ಹೌದು. ಹೊಸ ಅರವನ್ನು ಕಂಡಕಂಡ ಕೀಲಿಯ ಮೇಲೆ ಪ್ರಯೋಗಿಸುವುದು ಬೀಗದಣ್ಣನ ಅಭ್ಯಾಸ. ಆಕೆ ಏನೋ ಕೇಳಿದಳು. ಅವನು ಸಿಂ ಎಂದ. ಮತ್ತೇನೋ ಕೇಳಿದಳು. ಸಿಂ ಎಂದು ನಕ್ಕ. ಮೂರನೆಯದನ್ನು ಆಕೆ ಸ್ವಲ್ಪ ಅಳುಕಿನಿಂದ ಕೇಳಿದಳು. ಅವನು ತಲೆಯನ್ನೂ ಆಡಿಸಿ, ಕೈಯನ್ನೂ ಎತ್ತಿ, ಸಿಂ ಸಿಂ ಎಂದ. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು ಕಣ್ಣೊರೆಸಿಕೊಂಡಳು. ಬೀಗದಣ್ಣ ಹೆಂಡತಿಯ ಕಡೆ, ನೋಡಿದೆಯಾ ಎನ್ನುವಂತೆ ನೋಡಿದ.

ಕೇಳಿದ್ದು ಏನು ಎಂಬುದು ಫೋನ್ ಇಟ್ಟ ಮೇಲೆ ತಿಳಿಯಿತು. ಮೊದಲನೆಯದು, ಅಲ್ಲಿ ಸೆಕೆಯೇ ಎಂದು. ಎರಡನೆಯದು, ನನ್ನ ಮಗ ಸರಿಯಾಗಿ ಊಟ ಮಾಡುತ್ತಾನೆಯೇ ಎಂದು. ಮೂರನೆಯದು, ನಿಮಗೆ ನಮ್ಮ ಭಾಷೆ ಬರುತ್ತದೆಯೇ ಎಂದು.

"ಅಪ್ಪಾ, ಅವರಿಗಿದ್ದಿದ್ದು ಒಂದೇ ಭಯ," ಎಂದಳು ಮಗಳು. "ಮಗನ ಹೊಸ ಮನೇಲಿ ತನ್ನ ಜೊತೆ ಎರಡು ಮಾತಾಡೋರು ಇರಲ್ಲ, ಬಂದಾಗೆಲ್ಲ ಗೋಡೆ ಹಾಗೆ ಕೂತಿರ್ಬೇಕು ಅಂತ. ನೀನು ಸಿಂ ಅಂದಿದ್ದಕ್ಕೆ ಆ ಭಯ ಹೋಯ್ತಂತೆ. ಈಗ ಬರ್ತಾ ಇದ್ದಾರೆ. ನಿನ್ನ ಹತ್ರ ಮಾತಾಡೋಕೆ."

"ಗೊತ್ತಿಲ್ಲ ಅಂದಿದ್ರೆ ಬಾಯಿ ಸವೀತಿತ್ತಾ ನಿಮ್ದು?" ಎಂದಳು ಹೆಂಡತಿ.

ಭಾವಿ ಅಳಿಯ ತಾಯಿಗೆ ನಿಜ ಹೇಳಿಬಿಡುತ್ತೇನೆ ಎಂದ. ಆದರೆ ಮರುದಿನವೇ ಆಕೆಯಿಂದ ಫೋನ್ ಬಂತು. ಅಕ್ಕಪಕ್ಕದವರಿಗೆಲ್ಲ ಹೇಳಿದ್ದಾಳಂತೆ, ನನ್ನ ಬೀಗರು ಬಹಳ ಓದಿಕೊಂಡವರು ಎಂದು. ಅವಳ ದನಿ ಕೇಳಿದ ಮೇಲೆ ಹುಡುಗನಿಗೆ ಬಾಯಿ ಬರಲಿಲ್ಲ. ಲೋಕದ ಬೀಗಗಳೆಲ್ಲ ಯಾರ ಕೈಗೆ ಹೆದರಿ ಬಾಯಿ ಬಿಡುತ್ತಿದ್ದವೋ ಆ ಬೀಗದಣ್ಣ, ಒಬ್ಬ ಬೀಗಿತ್ತಿಗೆ ಹೆದರಿ ಅನ್ನದ ತಟ್ಟೆಯ ಮುಂದೆ ಸುಮ್ಮನೆ ಕೂತ.

ದಾರಿ ತೋರಿಸಿದವಳು ಅವನ ತಾಯಿ. ಮನೆಯಲ್ಲಿ ಅವಳನ್ನು ಎಲ್ಲರೂ ಅಜ್ಜಿ ಎಂದೇ ಕರೆಯುತ್ತಿದ್ದರು. ಬೀದಿಯ ಕಡೆಯ ಕಿಟಕಿಯ ಪಕ್ಕ ಅವಳದೊಂದು ಕುರ್ಚಿ. ಬೀದಿಯಲ್ಲಿ ನಡೆಯುವುದೆಲ್ಲ ಅವಳ ಕಣ್ಣ ಕೆಳಗೇ ನಡೆಯಬೇಕು.

"ಹೊಸಬರು ಸಿಕ್ಕಿದ್ರೆ ಮೊದ್ಲು ಏನೋ ಮಾತಾಡ್ತೀವಿ, ಮಗಾ? ಬಿಸಿಲು ಜಾಸ್ತಿ, ಮಳೆ ಕಮ್ಮಿ ಅಂತ ತಾನೇ? ಅಷ್ಟು ಕಲ್ತುಕೋ. ಮಿಕ್ಕಿದ್ದು ಹಿಂದೇನೇ ಬರುತ್ತೆ," ಎಂದಳು. ಜೊತೆಗೆ ಒಂದು ಕಟ್ಟಪ್ಪಣೆಯನ್ನೂ ಮಾಡಿದಳು. ಬೀಗಿತ್ತಿ ಬಂದು, ಮನೆ ನೋಡಿ, ಮಾತು ಮುಗಿಯುವ ತನಕ ಈ ಸಂಬಂಧದ ಸುದ್ದಿ ಹೊಸ್ತಿಲು ದಾಟಕೂಡದು. ಕೂಡಿ ಬರುವ ಕೆಲಸ ನಾಲ್ಕು ಬಾಯಿಗೆ ಬಿದ್ದರೆ ಕೆಡುತ್ತದೆ.

ಹೀಗೆ ಪಾಠ ಶುರುವಾಯಿತು. ಭಾವಿ ಅಳಿಯ ದಿನಕ್ಕೊಂದು ವಾಕ್ಯವನ್ನು ತನ್ನ ದನಿಯಲ್ಲೇ ಫೋನಿಗೆ ತುಂಬಿಸಿ ಕಳಿಸುತ್ತಿದ್ದ. ಮೊದಲು ಪೋರ್ಚುಗೀಸ್, ಆಮೇಲೆ ಕನ್ನಡದಲ್ಲಿ ಅರ್ಥ, ಆಮೇಲೆ ಮಾವ ಹೇಳಲಿ ಎಂದು ಸ್ವಲ್ಪ ಬಿಡುವು. ಪುಸ್ತಕದ ಮಾತು ಬೇಡವೇ ಬೇಡ ಎಂದು ಮೊದಲೇ ಹೇಳಿದ್ದ. 'ಇಂದಿನ ವಾತಾವರಣವು ಮಳೆಯಿಂದ ಕೂಡಿದೆ' ಎಂದು ಯಾರಾದರೂ ಪಕ್ಕದ ಮನೆಯವರಿಗೆ ಹೇಳುತ್ತಾರೆಯೇ? ಹೇಳಿದರೆ ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಒಲೆಯ ಮುಂದೆ ನಿಂತು, ಚಪ್ಪಲಿ ಹುಡುಕುತ್ತ, ಬಟ್ಟೆ ಹಿಂಡುತ್ತ ಆಡುವ ಮಾತು ಬೇಕು. ಅದನ್ನು ಕೋಣೆಯಲ್ಲಿ ಕೂತು ಉರು ಹೊಡೆದರೆ ಬರುವುದಿಲ್ಲ, ಆಕಾಶ ನೋಡಿಕೊಂಡು ಹೇಳಬೇಕು, ಆಗ ನಾಲಿಗೆಗೆ ಅಂಟುತ್ತದೆ ಎಂದ.

ಆಕಾಶ ಇದ್ದದ್ದು ತಾರಸಿಯ ಮೇಲೆ. ತಾರಸಿ ಇದ್ದದ್ದು ಲಾಂಡ್ರಿಯಕ್ಕನ ವಶದಲ್ಲಿ.

ಲಾಂಡ್ರಿಯಕ್ಕ ಅದೇ ಕಟ್ಟಡದ ನೆಲಮಹಡಿಯಲ್ಲಿ ಲಾಂಡ್ರಿ ನಡೆಸುವವಳು. ಲಾಡ್ಜುಗಳ ಹಾಸಿಗೆ ಬಟ್ಟೆಗಳೆಲ್ಲ ಅವಳಲ್ಲಿಗೆ ಬರುತ್ತಿದ್ದವು. ತಾರಸಿಯ ಉದ್ದಕ್ಕೂ ಹಗ್ಗ ಕಟ್ಟಿ, ಬೆಳಗಾದರೆ ಅಲ್ಲೊಂದು ಬಿಳಿಯ ಸೈನ್ಯವನ್ನೇ ನಿಲ್ಲಿಸುತ್ತಿದ್ದಳು. ಆ ಸೈನ್ಯದ ನಡುವೆ ನಿಂತು, ಒಂದು ಕಿವಿಗೆ ವೈರು ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ಮುಖ ಮೇಲೆತ್ತಿ ಬೀಗದಣ್ಣ ತನ್ನ ಮೊದಲ ವಾಕ್ಯವನ್ನು ಹೇಳಿದ.

"ಪರೆಸಿ ಕಿ ವಾಯ್ ಶೊವೇರ್."

"ಏನಣ್ಣಾ, ಬೆಳಬೆಳಗ್ಗೆ ಯಾರ ಜೊತೆ ಮಾತು?" ಎಂದಳು ಲಾಂಡ್ರಿಯಕ್ಕ, ಒಂದು ಚಾದರದ ಹಿಂದಿನಿಂದ ತಲೆ ಹಾಕಿ.

ಬೀಗದಣ್ಣ ಬೆಚ್ಚಿದ. ಸಂಬಂಧದ ಸುದ್ದಿ ಹೇಳುವ ಹಾಗಿಲ್ಲ. ಏನಾದರೂ ಹೇಳದೆ ಇರುವ ಹಾಗೂ ಇಲ್ಲ. ನಾಲಿಗೆಯ ತುದಿಯಲ್ಲಿ ಇದ್ದದ್ದು ಆ ವಾಕ್ಯದ ಅರ್ಥ ಒಂದೇ. "ಮಳೆ ಬರೋ ಹಾಗಿದೆ," ಎಂದ.

ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಲಾಂಡ್ರಿಯಕ್ಕ ನಗಲೆಂದು ಬಾಯಿ ತೆರೆದಳು. ಆದರೆ ಬೀಗದಣ್ಣನ ಮುಖದಲ್ಲಿ ಎಳ್ಳಷ್ಟೂ ತಮಾಷೆ ಇರಲಿಲ್ಲ. ಆ ಉಚ್ಚಾರಣೆ ಹೇಳಿ ಮುಗಿಸಿದವರ ಮುಖದಲ್ಲಿ ತಮಾಷೆ ಉಳಿಯುವುದು ಸಾಧ್ಯವೂ ಇಲ್ಲ. ಯಾವುದಕ್ಕೂ ಇರಲಿ ಎಂದು ಆಕೆ ಹಗ್ಗದ ಮೇಲಿನ ಅರ್ಧ ಬಟ್ಟೆ ತೆಗೆದಳು. ಮಧ್ಯಾಹ್ನ ಎಲ್ಲಿಂದಲೋ ಒಂದು ಮೋಡ, ಕರೆಯದೆ ಬರುವ ನೆಂಟನ ಹಾಗೆ ನೇರವಾಗಿ ಬಂದು ಅವರ ತಾರಸಿಯ ಮೇಲೇ ಕೂತು ಸುರಿಯಿತು. ನೆನೆದ ಅರ್ಧವನ್ನು ನೋಡಿ ಲಾಂಡ್ರಿಯಕ್ಕ ತಲೆ ಚಚ್ಚಿಕೊಂಡಳು. ಉಳಿದ ಅರ್ಧವನ್ನು ನೋಡಿ ನಂಬಿದಳು.

ಮರುದಿನ ಮೋಡ ಕವಿದಿತ್ತು. ಬೀಗದಣ್ಣನ ಪಾಠ, 'ತಾ ಉಂ ಸೋಲ್ ಜಿ ಹಶಾರ್.' ಸೀಳಿಹಾಕುವ ಬಿಸಿಲು ಎಂದು ಅರ್ಥ. ಅದು ಅವನಿಗೆ ಬಹಳ ಹಿಡಿಸಿತು. ಇಷ್ಟು ದೂರದ ದೇಶದ ಬಿಸಿಲೂ ನಮ್ಮ ಬಿಸಿಲಿನ ಹಾಗೆ ನೆತ್ತಿಯನ್ನೇ ಸೀಳುತ್ತದಲ್ಲ ಎಂದು ಸಂತೋಷಪಟ್ಟ. ಲಾಂಡ್ರಿಯಕ್ಕ ಮೆಟ್ಟಿಲ ಬಳಿಯೇ ಕಾದಿದ್ದಳು. ಕೇಳಿದಳು. ಅವನು ಆ ಸಂತೋಷದಲ್ಲೇ, "ನೆತ್ತಿ ಸೀಳೋ ಬಿಸಿಲು," ಎಂದು ಹೇಳಿ ಕೆಳಗಿಳಿದ. ಆಕೆ ಎರಡನೇ ಮಾತಿಲ್ಲದೆ ಲಾಡ್ಜಿನ ದಪ್ಪ ಪರದೆಗಳನ್ನೆಲ್ಲ ನೀರಿಗೆ ಹಾಕಿದಳು. ಹತ್ತು ಗಂಟೆಯ ಹೊತ್ತಿಗೆ ಮೋಡ ಹರಿಯಿತು. ಸಂಜೆಗೆ ಪರದೆಗಳು ಹಪ್ಪಳದ ಹಾಗೆ ಒಣಗಿ ನಿಂತಿದ್ದವು.

ಅಲ್ಲಿಂದ ಮುಂದೆ ಸುದ್ದಿಗೆ ಕಾಲು ಬೇಕಾಗಲಿಲ್ಲ. ಇಸ್ತ್ರಿ ಮಾಡಿದ ಅಂಗಿಗಳ ಜೊತೆಯಲ್ಲಿ ಮಡಿಸಿಕೊಂಡು ಮನೆಮನೆಗೆ ಹೋಯಿತು. ಬೀಗದಣ್ಣನಿಗೆ ಏನೋ ಸಿದ್ಧಿಸಿದೆ. ಬೆಳಗ್ಗೆ ತಾರಸಿಯ ಮೇಲೆ ನಿಂತು ಯಾವುದೋ ಭಾಷೆಯಲ್ಲಿ ಮೋಡವನ್ನು ಮಾತಾಡಿಸುತ್ತಾನೆ. ಮೋಡ ಅವನ ಕಿವಿಯಲ್ಲಿ ಉತ್ತರ ಹೇಳುತ್ತದೆ. ಅದಕ್ಕೇ ಕಿವಿಗೆ ವೈರು. ವಾರ ಕಳೆಯುವುದರೊಳಗೆ ಅವನು ಬೀಗದಣ್ಣ ಹೋಗಿ ಮೋಡದಣ್ಣ ಆದ.

ಅಂಗಡಿಯ ಮುಂದೆ ಜನ ಸೇರತೊಡಗಿದರು. ಮರ್ಯಾದಸ್ಥರಾದ್ದರಿಂದ ಯಾರೂ ಬರಿಗೈಯಲ್ಲಿ ಬಂದು ಮಳೆ ಕೇಳುತ್ತಿರಲಿಲ್ಲ, ಒಂದೊಂದು ಬೀಗ ಹಿಡಿದುಕೊಂಡು ಬರುತ್ತಿದ್ದರು. ಕೆಟ್ಟ ಬೀಗ ಇಲ್ಲದವರು ಚೆನ್ನಾಗಿರುವುದನ್ನೇ ತಂದರು. ಬೀಗದಣ್ಣ ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಒಳಗೆ ಏನೂ ಕೆಟ್ಟಿಲ್ಲವಲ್ಲ ಎಂದು ಕಕ್ಕಾಬಿಕ್ಕಿಯಾಗುತ್ತಿದ್ದ. ಆಗ ಬಂದವರು ಕೆಮ್ಮಿ, ಅದಿರಲಿ ಅಣ್ಣಾ, ನಾಳೆ ಹೇಗೆ ಎನ್ನುತ್ತಿದ್ದರು.

ಶಾಲೆಯ ಡ್ರಿಲ್ ಮೇಷ್ಟರು ಆಟೋಟದ ದಿನಕ್ಕಾಗಿ ಬಂದರು. ಶಾಮಿಯಾನದವನು ಪೆಟ್ಟಿಗೆಯ ಬೀಗ ತಂದು, ಮಳೆ ಬರುವುದಾದರೆ ತನಗೊಬ್ಬನಿಗೇ ಮುಂಚೆ ತಿಳಿಸಬೇಕೆಂದು ಕೇಳಿಕೊಂಡ. ಒಂದು ಸಂಜೆ ಠಾಕುಠೀಕಾಗಿ ಬಟ್ಟೆ ತೊಟ್ಟ ಒಬ್ಬರು ಬಂದು, ಅತ್ತಿತ್ತ ನೋಡಿ, ಅಂಗಡಿಯ ಷಟರನ್ನು ತಾವೇ ಅರ್ಧಕ್ಕೆ ಎಳೆದುಕೊಂಡು ಬಗ್ಗಿ ಒಳಗೆ ಬಂದರು. ಹವಾಮಾನ ಕಚೇರಿಯ ಅಧಿಕಾರಿ ಎಂದು ಪರಿಚಯ ಹೇಳಿಕೊಂಡರು. ಬೀಗದಣ್ಣನ ಕೈಯಲ್ಲಿದ್ದ ಅರ ಕೆಳಗೆ ಬಿತ್ತು. ಪರವಾನಗಿ ಇಲ್ಲದೆ ಮಳೆ ಹೇಳಿದ್ದಕ್ಕೆ ಹಿಡಿದುಕೊಂಡು ಹೋಗುತ್ತಾರೆ ಎಂದೇ ತಿಳಿದ.

"ನಮ್ಮಲ್ಲಿ ಯಂತ್ರ ಇದೆ, ನಕ್ಷೆ ಇದೆ, ಉಪಗ್ರಹದ ಚಿತ್ರ ಇದೆ," ಎಂದರು ಅಧಿಕಾರಿ ದನಿ ತಗ್ಗಿಸಿ. "ಅದೆಲ್ಲ ಸಾರ್ವಜನಿಕರಿಗೆ ಸಾಕು. ಆದ್ರೆ ಇದು ನಮ್ಮ ಮನೆ ತಾರಸಿ ಕಾಂಕ್ರೀಟು. ಸ್ವಂತ ವಿಷಯ ನೋಡಿ."

ಆಗ ನಮ್ಮ ಬೀಗದಣ್ಣ ತನ್ನ ಆಯುಷ್ಯದಲ್ಲೇ ಮೊದಲ ಬಾರಿಗೆ ಆ ಮೂರಕ್ಷರವನ್ನು ನುಡಿದ. "ಸಾರ್, ನಂಗೆ ಗೊತ್ತಿಲ್ಲ."

ಅಧಿಕಾರಿ ಎದ್ದು ನಿಂತು ಕೈ ಮುಗಿದರು. ತಿಳಿದವರು ಯಾವಾಗಲೂ ಹೀಗೇ ಅನ್ನುವುದು, ತಿಳಿಯದ ನಾವೇ ದಿನಾ ಬೆಳಗ್ಗೆ ತಿಳಿದವರ ಹಾಗೆ ಹೇಳುವುದು ಎಂದು ಹೇಳಿ, ಚೆನ್ನಾಗಿದ್ದ ತಮ್ಮ ಬೀಗವನ್ನು ಅಲ್ಲೇ ಮರೆತು ಹೋದರು.

ಆ ದಿನ ರಾತ್ರಿಯ ಊಟಕ್ಕೆ ಕೂತಾಗ ಬೀಗದಣ್ಣ ಹೆಂಡತಿಯ ಮುಂದೆ ಅಳಲು ತೋಡಿಕೊಂಡ. ಸುಳ್ಳು ಹೇಳಿದರೆ ನಂಬುತ್ತಾರೆ, ನಿಜ ಹೇಳಿದರೆ ಕೈ ಮುಗಿಯುತ್ತಾರೆ ಎಂದ. ಹೆಂಡತಿ ಇನ್ನಷ್ಟು ಅನ್ನ ಬಡಿಸಿ, ಬೀಗಿತ್ತಿ ಬಂದು ಹೋಗುವ ತನಕ ಬಾಯಿ ಮುಚ್ಚಿಕೊಂಡಿರಿ, ಆಮೇಲೆ ಎಲ್ಲರಿಗೂ ಹೇಳೋಣ ಎಂದು ಸಮಾಧಾನ ಮಾಡಿದಳು. ಆದರೆ ಬಾಯಿ ಮುಚ್ಚಿಕೊಂಡು ಉಚ್ಚಾರಣೆ ಕಲಿಯುವುದು ಹೇಗೆ?

ಕೊನೆಯ ಪಾಠ ಎಲ್ಲಕ್ಕಿಂತ ಕಠಿಣವಾಗಿತ್ತು. 'ತಾ ಶೊವೇಂದು ಆ ಕಾಂತರುಸ್.' ಕೊಡಗಟ್ಟಲೆ ಸುರಿಯುತ್ತಿದೆ ಎಂದು ಅರ್ಥ. "ಅವರಲ್ಲೂ ಕೊಡದಲ್ಲೇ ಸುರಿಯೋದು ಕಣೆ," ಎಂದು ಹೆಂಡತಿಗೆ ಹೇಳಿ ಹಿಗ್ಗಿದ. ಹಿಗ್ಗಿದ್ದೇನೋ ಸರಿ, ನಾಲಿಗೆ ಮಾತ್ರ ಆ ಕೊಡವನ್ನು ಎತ್ತಲಾರದೆ ನಡುವೆಯೇ ಚೆಲ್ಲುತ್ತಿತ್ತು. ತಾರಸಿಯ ಮೇಲೆ ನಿಂತು ಮತ್ತೆ ಮತ್ತೆ ಹೇಳಿದ. ಅರ್ಥವನ್ನೂ ಜೊತೆಗೇ ಹೇಳಿಕೊಂಡರೆ ಮನಸ್ಸಿನಲ್ಲಿ ನಿಲ್ಲುತ್ತದೆ ಎಂದು ಅದನ್ನೂ ಸೇರಿಸಿದ. ಬೀಗಿತ್ತಿ ಭಾನುವಾರ ಬರುವವಳಿದ್ದಳು. ಆ ಗಾಬರಿಯೂ ನಡುನಡುವೆ ಬಾಯಿಂದ ಹೊರಗೆ ಬೀಳುತ್ತಿತ್ತು.

"ತಾ ಶೊವೇಂದು ಆ ಕಾಂತರುಸ್. ಕೊಡಗಟ್ಟಲೆ ಸುರೀತಿದೆ. ಅಯ್ಯೋ, ಭಾನುವಾರ. ಭಾನುವಾರದ ಹೊತ್ತಿಗೆ ಏನಪ್ಪಾ ಗತಿ. ಕೊಡಗಟ್ಟಲೆ. ಕೊಡಗಟ್ಟಲೆ."

ಲಾಂಡ್ರಿಯಕ್ಕನ ಕೈಯಲ್ಲಿದ್ದ ಕ್ಲಿಪ್ಪುಗಳು ಚೆಲ್ಲಿದವು. ಇಷ್ಟು ದಿನ ಒಂದೇ ಸಲ ಹೇಳುತ್ತಿದ್ದ ಮನುಷ್ಯ ಇವತ್ತು ಬಿಡದೆ ಹೇಳುತ್ತಿದ್ದಾನೆ, ಅದೂ ಹಣೆ ಒರೆಸಿಕೊಂಡು. ಆಕೆ ಮೆಟ್ಟಿಲಿಳಿದು ಓಡಿದಳು.

ಭಾನುವಾರ ಪ್ರಳಯ ಎಂದು ಬೀದಿ ತೀರ್ಮಾನಿಸಿತು. ಡ್ರಿಲ್ ಮೇಷ್ಟರು ಆಟೋಟವನ್ನು ಮುಂದಕ್ಕೆ ಹಾಕಿದರು. ಅಧಿಕಾರಿಗಳು ಕಾಂಕ್ರೀಟಿನ ಕೆಲಸದವರನ್ನು ವಾಪಸ್ ಕಳಿಸಿದರು. ಅವರ ಕಚೇರಿ ಭಾನುವಾರ ಒಣ ಹವೆ ಎಂದು ಹೇಳಿತ್ತು. ಆ ಹೇಳಿಕೆಗೆ ಸಹಿ ಹಾಕಿದವರೂ ಅವರೇ. ಲಾಂಡ್ರಿಯಕ್ಕ ಒಗೆಯುವುದನ್ನೇ ನಿಲ್ಲಿಸಿದಳು. ಕೊಳೆ ಚಾದರಗಳ ಗುಡ್ಡ ಬಾಗಿಲಿನ ತನಕ ಬೆಳೆಯಿತು. ಶಾಮಿಯಾನದವನು ತನ್ನಲ್ಲಿದ್ದ ಟಾರ್ಪಾಲುಗಳನ್ನೆಲ್ಲ ಬೀದಿಯ ಈ ಕಡೆಯಿಂದ ಆ ಕಡೆಗೆ ಬಿಗಿದ. ಜನ ಅಕ್ಕಿ ಮೂಟೆ ಅಟ್ಟಕ್ಕೇರಿಸಿದರು.

ಇದಕ್ಕೆಲ್ಲ ಮೂಲ ತಾನು ಎಂಬುದು ಬೀಗದಣ್ಣನಿಗೆ ತಿಳಿಯಲೇ ಇಲ್ಲ. ಅವನು ಎರಡು ದಿನದಿಂದ ಅಂಗಡಿ ಮುಚ್ಚಿ ಮನೆಯ ಗೋಡೆಗಳಿಗೆ ಬಣ್ಣ ಬಳಿಯುತ್ತಿದ್ದ. ಶನಿವಾರ ಸಂಜೆ ಬ್ರಷ್ ಹಿಡಿದು ಕಿಟಕಿಯಿಂದ ಇಣುಕಿದರೆ ಬೀದಿಯ ತುಂಬ ಟಾರ್ಪಾಲು. ಇಷ್ಟು ಜನ ಇಷ್ಟೊಂದು ತಯಾರಿ ಮಾಡಬೇಕಾದರೆ ಖಂಡಿತ ಏನೋ ಗೊತ್ತಿರಬೇಕು ಎಂದುಕೊಂಡ. ಕೂಡಲೇ ಹೋಗಿ ದೊಡ್ಡದೊಂದು ಕೊಡೆ ಕೊಂಡು ತಂದ. ಬಿಸಿಲಿನ ವಾಕ್ಯವನ್ನು ಬಿಟ್ಟ, ಸೆಕೆಯ ವಾಕ್ಯವನ್ನು ಬಿಟ್ಟ. ನಾಳೆ ಬೇಕಾಗುವುದು ಇದೊಂದೇ ಎಂದು ಕೊಡಗಟ್ಟಲೆ ಮಳೆಯ ವಾಕ್ಯವನ್ನೇ ಹಾಸಿಗೆ ಸೇರುವ ತನಕ ಉರು ಹೊಡೆದ.

ಭಾನುವಾರ ಬೆಳಗಾಯಿತು. ಅಷ್ಟು ಚೆಂದದ ಬಿಸಿಲನ್ನು ಆ ಬೀದಿ ಆ ವರ್ಷ ಕಂಡಿರಲಿಲ್ಲ. ಟಾರ್ಪಾಲಿನ ಕೆಳಗೆ ಗಾಳಿಯಿಲ್ಲದೆ ಜನ ಬೆಂದರು. ರೇನ್‌ಕೋಟು ತೊಟ್ಟವರು ಒಳಗಿನಿಂದಲೇ ನೆನೆದರು. ಹನ್ನೊಂದರ ಹೊತ್ತಿಗೆ ಡ್ರಿಲ್ ಮೇಷ್ಟರು, ಶಾಮಿಯಾನದವನು, ಅಧಿಕಾರಿಗಳು, ಎಲ್ಲರಿಗಿಂತ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿದ ಲಾಂಡ್ರಿಯಕ್ಕ, ಮೋಡದಣ್ಣನನ್ನು ಕೇಳಿಯೇ ಬಿಡೋಣ ಎಂದು ಕಟ್ಟಡದ ಬಾಗಿಲಿಗೆ ಬಂದರು. ಅದೇ ಗಳಿಗೆಗೆ ಟ್ಯಾಕ್ಸಿ ಬಂದು ನಿಂತಿತು.

ಭಾವಿ ಅಳಿಯ ಮುಂದಿನಿಂದ ಇಳಿದ. ಹಿಂದಿನ ಬಾಗಿಲಿನಿಂದ ಫೋನಿನಲ್ಲಿ ಕಂಡಿದ್ದ ಆ ದುಂಡು ಮುಖದ ಹೆಂಗಸು, ಕೈಯಲ್ಲಿದ್ದ ಕಾಗದದಿಂದ ಗಾಳಿ ಬೀಸಿಕೊಳ್ಳುತ್ತ ಇಳಿದಳು. ಬೀಗದಣ್ಣ ಮಗಳನ್ನೂ ಹೆಂಡತಿಯನ್ನೂ ದಾಟಿ ಮುಂದೆ ಬಂದ. ಬೀಗಿತ್ತಿ ಅವನನ್ನು ಗುರುತಿಸಿ, ಎರಡೂ ಕೈ ಚಾಚಿ, ಒಂದೇ ಉಸಿರಿನಲ್ಲಿ ಉದ್ದದ ಮಾತೊಂದನ್ನು ಆಡಿ ಉತ್ತರಕ್ಕಾಗಿ ನಿಂತಳು. ಬೀಗದಣ್ಣ ಏನು ಮಾಡುತ್ತಿದ್ದೇನೆಂದು ತಿಳಿಯದೆ ಕೊಡೆ ಬಿಚ್ಚಿದ. ಇಡೀ ಬೀದಿಗೆ ಕೇಳುವಂತೆ, ಒಂದಕ್ಷರವೂ ಚೆಲ್ಲದೆ ಹೇಳಿದ.

"ತಾ ಶೊವೇಂದು ಆ ಕಾಂತರುಸ್."

ಬೀಗಿತ್ತಿ ಆಕಾಶ ನೋಡಿದಳು. ಬೀದಿಯ ಉದ್ದಕ್ಕೂ ಬಿಗಿದ ಟಾರ್ಪಾಲುಗಳನ್ನು ನೋಡಿದಳು. ಬಿಸಿಲಿನಲ್ಲಿ ರೇನ್‌ಕೋಟು ತೊಟ್ಟು ಬೆವರುತ್ತಿದ್ದ ಜನರನ್ನು ನೋಡಿದಳು. ಕೊನೆಗೆ ಕೊಡೆಯ ಕೆಳಗೆ ನಿಂತ ಬೀಗರನ್ನು ನೋಡಿ, ಮಗನ ಕಡೆ ಒಂದು ಹೆಜ್ಜೆ ಸರಿದಳು.

"ಕೇಳಿದ್ರಾ, ಮತ್ತೆ ಅದೇ ಮಂತ್ರ," ಎಂದಳು ಲಾಂಡ್ರಿಯಕ್ಕ. "ಅಣ್ಣಾ, ಎಲ್ಲಿ ಮಳೆ? ನಿಮ್ಮನ್ನ ನಂಬಿ ನಾನು ಮೂರು ಲಾಡ್ಜಿನ ಕೊಳೆ ಮನೇಲಿ ಇಟ್ಕೊಂಡು ಮಲಗ್ತಾ ಇದೀನಿ."

ಆಟೋಟ ಹೋಯಿತು ಎಂದರು ಮೇಷ್ಟರು. ಕಾಂಕ್ರೀಟು ಹೋಯಿತು ಎಂದರು ಅಧಿಕಾರಿಗಳು. ಬೀಗಿತ್ತಿ ಮಗನ ತೋಳು ಹಿಡಿದುಕೊಂಡು ಮೆಲ್ಲಗೆ ಏನೋ ಕೇಳಿದಳು. ಮಗ ತಲೆ ತಗ್ಗಿಸಿದ. ಬೀಗದಣ್ಣ ಮಗಳ ಮುಖ ನೋಡಿದ. ಕೊಡೆ ಮಡಿಸಿ ಗೋಡೆಗೆ ಒರಗಿಸಿದ.

"ಅಮ್ಮನಿಗೆ ಹೇಳಪ್ಪಾ," ಎಂದ ಭಾವಿ ಅಳಿಯನಿಗೆ. "ನಂಗೆ ಅವರ ಭಾಷೆ ಬರಲ್ಲ. ಅವತ್ತು ಸುಮ್ನೆ ಸಿಂ ಅಂದೆ. ಮಳೆ ಬಿಸಿಲು ಬಿಟ್ರೆ ಒಂದಕ್ಷರ ಬರಲ್ಲ." ಆಮೇಲೆ ಬೀದಿಯ ಕಡೆ ತಿರುಗಿದ. "ನಿಮಗೂ ಅಷ್ಟೇ. ನಾನು ಹೇಳ್ತಿದ್ದಿದ್ದು ಭವಿಷ್ಯ ಅಲ್ಲ, ಪಾಠ. ಮಳೆ ಯಾವಾಗ ಬರುತ್ತೆ ಅಂತ ನಂಗೆ ಗೊತ್ತಿಲ್ಲ. ನಿನ್ನೆ ನಿಮ್ಮನ್ನ ನೋಡಿ ನಾನೇ ಕೊಡೆ ತಂದೆ."

ಈ ಸಲ ಯಾರೂ ಕೈ ಮುಗಿಯಲಿಲ್ಲ.

ಹುಡುಗ ತಾಯಿಗೆ ಎಲ್ಲವನ್ನೂ ಹೇಳಿದ. ಕೇಳುತ್ತ ಕೇಳುತ್ತ ಆಕೆಯ ಮುಖದ ಬೆಳಕು ಕಡಿಮೆಯಾಯಿತು. ಹಾಗಾದರೆ ಗೋಡೆಯ ಹಾಗೆ ಕೂತಿರುವುದೇ ಸರಿ ಎಂದು ಆಕೆ ಅಂದುಕೊಂಡದ್ದನ್ನು ಭಾಷೆ ಬರದವರೂ ಓದಬಹುದಿತ್ತು. ಆಮೇಲೆ ಆಕೆ ಒಂದೇ ಒಂದು ಪ್ರಶ್ನೆ ಕೇಳಿದಳು. ಹುಡುಗ ಅದನ್ನು ಕನ್ನಡಕ್ಕೆ ತಂದ. ಕಲಿಯಲು ಹೊರಟವರು ಮಳೆ ಬಿಸಿಲನ್ನೇ ಯಾಕೆ ಕಲಿತಿರಿ?

"ನೀವು ಬಂದ ತಕ್ಷಣ ನಾನೇ ಮೊದಲು ಮಾತಾಡಿಸ್ಬೇಕು ಅಂತ," ಎಂದ ಬೀಗದಣ್ಣ. "ಇಲ್ಲಿ ಯಾರೂ ಮಾತಾಡಿಸಲಿಲ್ಲ ಅಂತ ನಿಮಗೆ ಅನ್ನಿಸಬಾರದಲ್ಲ."

ಹುಡುಗ ಅದನ್ನು ಹೇಳುವ ಮುಂಚೆಯೇ ಟಾರ್ಪಾಲಿನ ಮೇಲೆ ಟಪ್ ಎಂದು ಏನೋ ಬಿತ್ತು. ಇನ್ನೊಂದು ಬಿತ್ತು. ಬಿಸಿಲು ಹಾಗೇ ಇತ್ತು. ಅದರ ನಡುವೆಯೇ, ಯಾರೋ ಮೇಲಿನಿಂದ ಕೈ ತೊಳೆದು ಕೊಡವಿದ ಹಾಗೆ ಹನಿಗಳು ಹೊಳೆಯುತ್ತ ಇಳಿದವು. ಎಲ್ಲರೂ ಮುಖ ಮೇಲೆ ಮಾಡಿದರು.

ಮೇಲಿನ ಕಿಟಕಿಯಿಂದ ಇಷ್ಟು ಹೊತ್ತೂ ಎಲ್ಲವನ್ನೂ ನೋಡುತ್ತಿದ್ದ ಅಜ್ಜಿ ಕೈ ಹೊರಗೆ ಚಾಚಿದಳು. "ಓಹೋ, ಬಿಸಿಲೂ ಮಳೆಯೂ. ಇವತ್ತು ಕಾಗೆಗೂ ನರಿಗೂ ಮದುವೆ," ಎಂದಳು.

ಕೆಳಗೆ ಬೀಗಿತ್ತಿಯೂ ಅಂಗೈ ಚಾಚಿ ನಿಂತಿದ್ದಳು. ಅಲ್ಲಿ ಬಿದ್ದ ಹನಿ ನೋಡಿ, ಯಾರಿಗೂ ಅಲ್ಲದೆ ತನಗೇ ಹೇಳಿಕೊಂಡಳು. "ಕಜಮೆಂತು ದಾ ಹಪೋಜಾ."

ಹುಡುಗ ಒಮ್ಮೆ ಮೇಲೆ, ಒಮ್ಮೆ ಕೆಳಗೆ ನೋಡಿದ. "ಅಮ್ಮ ಹೇಳಿದ್ದೂ ಅದೇ," ಎಂದ, ಒತ್ತಕ್ಷರದಲ್ಲೆಲ್ಲ ಎಡವುತ್ತ. "ನರಿ ಮದುವೆ. ನಮ್ಮಲ್ಲೂ ಬಿಸಿಲು ಮಳೆ ಒಟ್ಟಿಗೆ ಬಂದ್ರೆ ನರಿ ಮದುವೆ ಅಂತಾರೆ."

"ಯಾರ ಜೊತೆ?" ಎಂದಳು ಅಜ್ಜಿ, ಮದುವೆಯ ವಿಷಯದಲ್ಲಿ ಅರೆಬರೆ ಸುದ್ದಿಯನ್ನು ಒಪ್ಪುವವಳಲ್ಲದ್ದರಿಂದ.

ಹುಡುಗ ತಾಯಿಯನ್ನು ಕೇಳಿದ. ತಾಯಿ ಯೋಚಿಸಿದಳು. ಯಾರ ಜೊತೆ ಎಂದು ತನಗೆ ಯಾರೂ ಹೇಳಿಲ್ಲ, ನರಿ ಮದುವೆ ಎಂದಷ್ಟೇ ಕೇಳಿದ್ದೇನೆ ಎಂದಳು.

"ನೋಡಿದ್ಯಾ ಮತ್ತೆ. ಅಲ್ಲಿಂದ ಹೊರಟು ಇಲ್ಲಿಗೆ ಬಂದು ನಮ್ಮ ಕಾಗೇನ ಮಾಡ್ಕೊಳ್ಳುತ್ತೆ ಅದು," ಎಂದಳು ಅಜ್ಜಿ. "ನಿಮ್ಮಮ್ಮನಿಗೆ ಹೇಳು. ವರ ನಿಮ್ಮ ಕಡೆ, ವಧು ನಮ್ಮ ಕಡೆ. ಮೇಲೆ ಬಂದು ಕಾಫಿ ಕುಡೀಲಿ."

"ಅಜ್ಜೀ, ನಾನು ಕಾಗೆನಾ?" ಎಂದಳು ಮಗಳು.

ಹುಡುಗ ಇದನ್ನೂ ಬಿಡದೆ ತಾಯಿಗೆ ಹೇಳಿದ. ಬೀಗಿತ್ತಿಗೆ ನಗು ಎಲ್ಲಿಂದ ಬಂತೋ, ಟ್ಯಾಕ್ಸಿಯ ಬಾಗಿಲು ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ ಬೀಗದಣ್ಣನ ಕೊಡೆಯನ್ನು ತಾನೇ ತೆಗೆದು ಬಿಚ್ಚಿ, ಅವನ ತಲೆಯ ಮೇಲೂ ಸ್ವಲ್ಪ ಬರುವಂತೆ ಹಿಡಿದಳು. ಆಕಾಶದ ಕಡೆ ಬೆರಳು ಮಾಡಿ ನಿಧಾನವಾಗಿ, ಮಗುವಿಗೆ ಹೇಳಿಕೊಡುವ ಹಾಗೆ ಇನ್ನೊಮ್ಮೆ ಹೇಳಿದಳು. ಬೀಗದಣ್ಣ ತಪ್ಪುತಪ್ಪಾಗಿ ಹೇಳಿದ. ಆಕೆ ತಿದ್ದಿದಳು. ಹಾಗೆ ಹೇಳುತ್ತ ತಿದ್ದುತ್ತ ಇಬ್ಬರೂ ಮೆಟ್ಟಿಲು ಹತ್ತಿದರು.

ಕೆಳಗೆ ಉಳಿದವರಲ್ಲಿ ಎರಡು ಪಕ್ಷವಾಯಿತು. ಬಂತಲ್ಲ ಮಳೆ, ಅಣ್ಣ ಹೇಳಿದ ಭಾನುವಾರವೇ ಬಂತಲ್ಲ ಎಂದ ಶಾಮಿಯಾನದವನು. ಹೇಳಿದ್ದು ಕೊಡ, ಬಂದದ್ದು ಲೋಟ ಎಂದರು ಡ್ರಿಲ್ ಮೇಷ್ಟರು. ಅಧಿಕಾರಿಗಳು ಮಾತ್ರ ಒಂದು ಬದಿಗೆ ಸರಿದು, ಒಣ ಹವೆ ಎಂದ ತಮ್ಮ ಕಚೇರಿಗಿಂತ ಲೋಟ ಎಷ್ಟೋ ವಾಸಿ ಎಂದು ಯೋಚಿಸುತ್ತ ನಿಂತರು.

ಬೀಗಿತ್ತಿ ಮದುವೆಯ ದಿನ ಗೊತ್ತು ಮಾಡಿಕೊಂಡೇ ಹೋಗುತ್ತೇನೆಂದು ಉಳಿದಳು. ಮಗನ ಕೆಲಸದ ಹೊತ್ತಿನಲ್ಲಿ ಅಜ್ಜಿಯ ಕಿಟಕಿಯ ಪಕ್ಕ ಇನ್ನೊಂದು ಕುರ್ಚಿ ಬಿತ್ತು. ಇಬ್ಬರೂ ತಂತಮ್ಮ ಭಾಷೆಯಲ್ಲಿ ಬೀದಿಯ ಜನರ ಮೇಲೆ ಅಭಿಪ್ರಾಯ ಹೇಳಿಕೊಳ್ಳುತ್ತಿದ್ದರು. ಅಭಿಪ್ರಾಯಗಳು ಬಹುಮಟ್ಟಿಗೆ ಒಂದೇ ಇದ್ದವೆಂದು ಮಗಳು ಹೇಳುತ್ತಾಳೆ. ಇನ್ನು ಬೀಗದಣ್ಣ ಮಾತ್ರ ಕಲಿತರೆ ಸಾಲದು, ತಾನೂ ಕಲಿಯಬೇಕು ಎಂದು ಬೀಗಿತ್ತಿ ಹಟ ಹಿಡಿದಳು. ಅವಳಿಗೆ ಮೊದಲ ಪಾಠ ಏನು ಹೇಳಿಕೊಡುವುದೆಂದು ಮನೆಯಲ್ಲಿ ಯಾರೂ ಹೆಚ್ಚು ಯೋಚಿಸಲಿಲ್ಲ.

ಆ ಪಾಠ ಶುರುವಾದ ಮರುದಿನ ಬೆಳಗ್ಗೆ ಬೀಗದಣ್ಣ ಅಂಗಡಿಯ ಷಟರ್ ಎತ್ತುತ್ತಿದ್ದಾಗ ತಾರಸಿಯಿಂದ ದನಿ ಕೇಳಿಸಿತು. ಮೇಲೆ ಓಡಿ ಹೋಗಿ ನೋಡಿದರೆ, ಲಾಂಡ್ರಿಯಕ್ಕನ ಬಿಳಿಯ ಸೈನ್ಯದ ನಡುವೆ ಬೀಗಿತ್ತಿ ಕಣ್ಣು ಮುಚ್ಚಿ, ಮುಖ ಮೇಲೆತ್ತಿ ನಿಂತಿದ್ದಳು.

"ಮಾಳೆ ಬಾರೋ ಆಗಿದೆ," ಎನ್ನುತ್ತಿದ್ದಳು. "ಮಾಳೆ ಬಾರೋ ಆಗಿದೆ."

ಲಾಂಡ್ರಿಯಕ್ಕ ಆಗಲೇ ಚಾದರಗಳನ್ನು ಎಳೆದೆಳೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಅಕ್ಕಾ, ಅದು ಪಾಠ, ಬರೀ ಪಾಠ ಎಂದು ಬೀಗದಣ್ಣ ಅಂಗಲಾಚಿದ. ಆಕೆ ಅವನ ಕೈಗೂ ನಾಲ್ಕು ಚಾದರ ಹೇರಿದಳು.

"ನಿಮ್ಮ ಮಾತು ಬಿಡಿ ಅಣ್ಣಾ, ನಿಮಗೇನು ಗೊತ್ತು," ಎಂದಳು. "ಪಾಪ, ಅಷ್ಟು ದೂರದಿಂದ ಬಂದೋರು ಹೇಳ್ತಾ ಇದಾರೆ."